ನಾಳೆ ಮೇಸ್ತ್ರಿ ಬಿಚ್ಚಿದ ಕಾರು

ಈ ಮನುಷ್ಯನನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಓದಿದವರು ಆಮೇಲೆ ತಪ್ಪು ತಿಳಿಯುವುದು ಬೇಡ. ಅವನಿಗೆ ಅರವತ್ತೆಂಟು. ‘ಅವರು’ ಅನ್ನಬೇಕಾದ ವಯಸ್ಸು. ನಾನು ಅನ್ನುವುದಿಲ್ಲ.

ಬೀದಿಯವರೆಲ್ಲ ಅವನನ್ನು ‘ನಾಳೆ’ ಅನ್ನುತ್ತಾರೆ. ಯಾವ ಗಾಡಿ ರಿಪೇರಿಗೆ ಕೊಟ್ಟರೂ, ಯಾವಾಗ ಸಿಗುತ್ತದೆ ಎಂದರೆ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ಮದುವೆಯೂ ಆಗಲಿಲ್ಲ. ಹೆಣ್ಣು ನೋಡಲು ಹೋದವನು ಒಪ್ಪಿಗೆಯನ್ನು ನಾಳೆ ಹೇಳುತ್ತೇನೆ ಅಂದನಂತೆ, ಅವರು ಅವತ್ತೇ ಬೇರೆ ಕಡೆ ಮಾತಾಡಿ ಮುಗಿಸಿದರಂತೆ. ನಿಜವೋ ಸುಳ್ಳೋ ಗೊತ್ತಿಲ್ಲ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಇರುತ್ತಾನೆ. ನಿಂತುಕೊಂಡೇ ಊಟ ಮಾಡುತ್ತಾನೆ. ಎಡಗಿವಿ ಮಂದ. ಬೇಡದ ಮಾತು ಬಂದರೆ ಆ ಕಿವಿಯನ್ನೇ ಈ ಕಡೆ ತಿರುಗಿಸುತ್ತಾನೆ.

ಆ ಹೆಸರು ಇಟ್ಟವರು ನಮ್ಮ ಯಜಮಾನರು. ಅವರು ಬಾಡಿಗೆ ಕಾರು ಓಡಿಸುತ್ತಿದ್ದರು, ಇವನು ಅದನ್ನು ನೋಡಿಕೊಳ್ಳುತ್ತಿದ್ದ. ಇಬ್ಬರೂ ದೋಸ್ತಿಗಳು. ಹನ್ನೆರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಕಾಯಿಲೆ ಜೋರಾಯಿತು, ಬೇರೆ ಊರಲ್ಲಿದ್ದರು. ಕಾರು ಇವನ ಅಂಗಡಿಯಲ್ಲಿ ಚಕ್ರ ಬಿಚ್ಚಿಕೊಂಡು ಕೂತಿತ್ತು. ಹೇಗಾದರೂ ಜೋಡಿಸಿ ಕೊಡು ಎಂದು ನಮ್ಮವರು ಕೈ ಮುಗಿದರು. ನಾಳೆ ಅಂದ. ಮೂರು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತಿಂದ ಮಾತು ಬಿಟ್ಟರು. ನಮ್ಮವರು ನಾಲ್ಕು ವರ್ಷ ಹಾಸಿಗೆ ಹಿಡಿದಾಗ ಇವನು ಒಂದು ದಿನ ಬರಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ದಿನ ಗೇಟಿನ ಆಚೆ ನಿಂತಿದ್ದು ಹೋದ. ಒಳಗೆ ಬಂದಿದ್ದರೆ ನಾನೇ ಹೊರಗೆ ಹಾಕುತ್ತಿದ್ದೆ.

ಕಾರು ಅಂಗಳದಲ್ಲಿ ಐದು ವರ್ಷ ನಿಂತೇ ಇತ್ತು. ಆಗ ಮನೆ ಮಾಲೀಕ ಜಾಗ ಮಾರಿದ. ಶನಿವಾರ ಮಧ್ಯಾಹ್ನ ಮಣ್ಣು ಅಗೆಯುವ ಯಂತ್ರ ಬರುತ್ತದೆ, ಅಷ್ಟರೊಳಗೆ ಕಾರು ತೆಗೆಯದಿದ್ದರೆ ಗುಜರಿಗೆ ಹಾಕಿಸುತ್ತೇನೆ ಎಂದ. ನಾವು ಇಳಿಜಾರಿನ ಕೆಳಗೆ ಎರಡು ಕೋಣೆ ಹಿಡಿದಿದ್ದೆವು, ಅಲ್ಲಿ ಕಾರು ನಿಲ್ಲಿಸಲು ಜಾಗ ಇತ್ತು. ಮಗಳಿಗೆ ಲೈಸೆನ್ಸ್ ಇದೆ. ನನ್ನ ಆಸೆ ಒಂದೇ. ನಮ್ಮವರ ಕಾರು ಗೇಟು ದಾಟುವಾಗ ತನ್ನ ಎಂಜಿನ್ನಿನ ಮೇಲೇ ದಾಟಬೇಕು. ನಮ್ಮವರನ್ನು ಹೊತ್ತುಕೊಂಡು ಹೋದರು. ಇದನ್ನೂ ಯಾರೋ ಎಳೆದುಕೊಂಡು ಹೋಗುವುದು ಬೇಡ.

ಎರಡು ಗ್ಯಾರೇಜಿನವರು ನಕ್ಕರು. ಅಮ್ಮಾ, ಇದನ್ನು ತೂಕಕ್ಕೆ ಹಾಕಿ ಅಂದರು. ಕೊನೆಗೆ ಸೋಮವಾರ ಬೆಳಿಗ್ಗೆ ನಾಳೆಯ ಅಂಗಡಿಗೇ ಹೋದೆ. ಅವನು ತಲೆ ಎತ್ತಲಿಲ್ಲ.

“ಎಷ್ಟು ವರ್ಷ ಆಯ್ತು ನಿಂತು?”

“ಐದು.”

“ಕೀ ತಿರುಗಿಸಿದ್ರಾ?”

ಇಲ್ಲ ಅಂದೆ. ತಿರುಗಿಸಬೇಡಿ ಅಂದ. ಅಷ್ಟೇ. ಯಜಮಾನರ ಬಗ್ಗೆ ಒಂದು ಮಾತಿಲ್ಲ.

ಬಂದವನು ಮೊದಲ ದಿನ ರಿಪೇರಿಗೆ ಕೈ ಹಾಕಲೇ ಇಲ್ಲ ಅನ್ನಬೇಕು. ನೆಲದ ಮೇಲೆ ಮಲಗಿ ಅಡಿಯೆಲ್ಲ ನೋಡಿದ. ಬಾನೆಟ್ ಎತ್ತಿ, ಗಾಳಿ ಎಳೆಯುವ ಡಬ್ಬಿ ಬಿಚ್ಚಿದರೆ ಒಳಗೆ ಇಲಿಗಳ ಸಂಸಾರ. ನಮ್ಮವರು ಗಾಜು ಒರೆಸುತ್ತಿದ್ದ ಹಳದಿ ಬಟ್ಟೆಯನ್ನು ಚಿಂದಿ ಮಾಡಿ ಗೂಡು ಕಟ್ಟಿದ್ದವು. ವೈರುಗಳನ್ನು ಕಡಿದಿದ್ದವು, ತಾಮ್ರ ಕಾಣುತ್ತಿತ್ತು. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿತ್ತು, ಅದನ್ನು ತೆಗೆದು ದೂರ ಇಟ್ಟ. ಈ ವೈರಿನ ಮೇಲೆ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಿದ್ದರೆ ಕಾರು ಸುಟ್ಟು ಹೋಗುತ್ತಿತ್ತು ಅಂದ. ನನ್ನ ತಮ್ಮ ಅದೇ ಕೆಲಸಕ್ಕೆ ಹೊಸ ಬ್ಯಾಟರಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಅವನ ಮುಖ ಸಣ್ಣದಾಯಿತು. ಅವತ್ತೇ ಇಬ್ಬರಿಗೂ ಹತ್ತಿಕೊಂಡಿತು.

ಮಂಗಳವಾರ ಹಳೇ ಪೆಟ್ರೋಲು ಇಳಿಸಿದ. ಅದಕ್ಕೆ ಪೆಟ್ರೋಲಿನ ವಾಸನೆಯೇ ಇರಲಿಲ್ಲ, ಹಳೇ ಮೇಜಿಗೆ ಹಚ್ಚುವ ಪಾಲಿಶ್ ವಾಸನೆ. ಪೈಪು ಮಡಚಿದರೆ ಒಣ ಕಡ್ಡಿಯ ಹಾಗೆ ಬಿರುಕು ಬಿಟ್ಟಿತು. ಎಲ್ಲ ಹೊಸದು ಹಾಕಬೇಕು ಅಂದ. ತಮ್ಮ ಸಿಗರೇಟು ಸೇದುತ್ತಾ ನೋಡಲು ಬಗ್ಗಿದ. ನಾಳೆ ಬಕೆಟ್ಟಿಂದ ಒಂದು ಮಗ್ಗು ನೀರೆತ್ತಿ ಅವನ ಮುಖಕ್ಕೇ ಹೊಡೆದ. ಸಿಗರೇಟು ಬಾಯಲ್ಲೇ ನೆಂದು ಜೋತುಬಿತ್ತು. ನನಗೆ ನಗು ಬಂತು, ತಮ್ಮ ಅಂತ ನುಂಗಿಕೊಂಡೆ.

ಬುಧವಾರ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ತೂತಿಗೂ ಚಮಚದಲ್ಲಿ ಎಣ್ಣೆ ಬಿಟ್ಟ. ಬಟ್ಟೆ ಮುಚ್ಚಿ ಹೊರಟ. ಇಷ್ಟೇನಾ ಅಂದೆ. ಇಷ್ಟೇ, ನಾಳೆ ಅಂದ. ತಮ್ಮನಿಗೆ ತಡೆಯಲಾಗಲಿಲ್ಲ.

“ಮೇಸ್ತ್ರೀ, ನನ್ನ ಮೊಮ್ಮಕ್ಕಳ ಕಾಲಕ್ಕಾದ್ರೂ ಗಾಡಿ ಎದ್ದೇಳತ್ತಾ?”

“ಮೊದ್ಲು ಮದುವೆ ಆಗು.”

“ಅದನ್ನ ನೀವು ಹೇಳ್ತಿದೀರಾ?”

ನಾಳೆ ಎಡಗಿವಿ ತಿರುಗಿಸಿಕೊಂಡು ಹೋದ.

ಗುರುವಾರ ಎಂಜಿನ್ನಿನ ಮುಂದಿನ ದೊಡ್ಡ ನಟ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಲು ನೋಡಿದ. ಅಲುಗಲಿಲ್ಲ. ಜೋರು ಮಾಡಲಿಲ್ಲ. ಕೂತ. ಮತ್ತೆ ಎಣ್ಣೆ ಬಿಟ್ಟ. ಒಂದು ಗಂಟೆ ಬಿಟ್ಟು ಮತ್ತೆ ಹಿಡಿದ. ಕೂದಲೆಳೆಯಷ್ಟು ಸರಿಯಿತು. ಹಿಂದೆ, ಮುಂದೆ, ಹಿಂದೆ, ಮುಂದೆ. ಸಂಜೆಗೆ ಪೂರ್ತಿ ಒಂದು ಸುತ್ತು ಬಂತು. ಕರಿ ಡಾಂಬರಿನಂಥ ಹಳೇ ಎಣ್ಣೆ ಇಳಿಸಿ ಹೊಸದು ಹಾಕಿದ. ಎಂಜಿನ್ ತಣಿಸುವ ನೀರನ್ನೂ ಬದಲಿಸಿದ.

ಶುಕ್ರವಾರ ವೈರು, ಪೈಪು ಹೊಸದು ಹಾಕಿ, ಹೊಸ ಪೆಟ್ರೋಲು ತುಂಬಿ, ತಮ್ಮನ ಬ್ಯಾಟರಿ ಕೂರಿಸಿದ. ಪ್ಲಗ್ಗು ಇಲ್ಲದೆಯೇ ಎಂಜಿನ್ ಬರಿದೇ ತಿರುಗಿಸಿ, ಎಣ್ಣೆಯ ಕೆಂಪು ದೀಪ ಆರಿದ ಮೇಲೆ ಪ್ಲಗ್ಗು ಹಾಕಿದ. ಕೀ ತಿರುಗಿಸಿದ. ಮೂರನೇ ಸಲಕ್ಕೆ ಎದ್ದಿತು. ಹೊಗೆ ಅಂಗಳ ತುಂಬಿತು. ಐದು ವರ್ಷದ ಮೇಲೆ ಆ ಸದ್ದು. ನಾನು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತೆ. ತಮ್ಮ ಶಿಳ್ಳೆ ಹೊಡೆದ. ಹೊರಗೆ ಬರುವಷ್ಟರಲ್ಲಿ ನಾಳೆ ಎಂಜಿನ್ ಆರಿಸಿ ಹಿಂದಿನ ಬಲ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಉಳಿದ ಮೂರು ಚಕ್ರದ ಬ್ರೇಕನ್ನು ಕೆಲಸದ ನಡುವೆಯೇ ಬಿಚ್ಚಿ ಸರಿಮಾಡಿದ್ದ. ಇದೊಂದು ಬಿಡುತ್ತಿರಲಿಲ್ಲ. ಹ್ಯಾಂಡ್‌ಬ್ರೇಕು ಎಳೆದೇ ಐದು ವರ್ಷ ನಿಂತು ಒಳಗೆ ಕಚ್ಚಿಕೊಂಡಿತ್ತು.

“ಯಾರು ತೊಳೀತಿದ್ರು ಇದನ್ನ?”

“ನಾನು. ಪ್ರತಿ ಭಾನುವಾರ.”

“ಅದಕ್ಕೇ. ನೀರು ಒಳಗೆ ನಿಂತು ತುಕ್ಕು ಹಿಡಿಸಿದೀರಿ. ಧೂಳಿದ್ದಿದ್ರೆ ಏನೂ ಆಗ್ತಿರ್ಲಿಲ್ಲ.”

ನನಗೆ ಉರಿದುಹೋಯಿತು. ನಮ್ಮವರು ಹಾಸಿಗೆಯಿಂದ ಕಿಟಕಿಯಲ್ಲಿ ಕಾರು ನೋಡುತ್ತಿದ್ದರು. ಗಾಜಿನ ಮೇಲೆ ಧೂಳು ಕಂಡರೆ ಮುಖ ತಿರುಗಿಸುತ್ತಿದ್ದರು. ಅದಕ್ಕೆ ತೊಳೆಯುತ್ತಿದ್ದೆ. ಅವರು ಹೋದ ಮೇಲೂ ತೊಳೆದೆ. ಇವನಿಗೆ ಇದನ್ನೆಲ್ಲ ಯಾಕೆ ಹೇಳಲಿ?

ತಮ್ಮ ಲಾರಿಗೆ ಕಟ್ಟಿ ಒಂದು ಜಗ್ಗು ಜಗ್ಗಿಸೋಣ, ತಾನೇ ಬಿಡುತ್ತದೆ ಅಂದ. ನಾಳೆ ಸಣ್ಣ ಸುತ್ತಿಗೆ ತೆಗೆದುಕೊಂಡು ಚಕ್ರದ ಉಕ್ಕಿನ ಬಟ್ಟಲನ್ನು ಸುತ್ತಲೂ ತಟ್ಟುತ್ತಾ ಕೂತ. ಟಕ್ ಟಕ್ ಟಕ್. ಅವತ್ತು ಸಂಜೆಯವರೆಗೆ ಅದೇ. ಶನಿವಾರ ಬೆಳಿಗ್ಗೆ ಮತ್ತೆ ಅದೇ. ಎದುರು ಮನೆಯಾಕೆ ಕಿಟಕಿ ಮುಚ್ಚಿಕೊಂಡಳು. ಒಂಬತ್ತಕ್ಕೆ ಬಟ್ಟಲು ಕಳಚಿತು. ಒಳಗೆ ಬ್ರೇಕ್ ಎಣ್ಣೆ ತಡೆಯುವ ರಬ್ಬರು ಸವೆದು ಸೋರುತ್ತಿತ್ತು.

ಹೊಸ ರಬ್ಬರು ತರಿಸಬೇಕು ಅಂದ. ಯಾವಾಗ ಅಂದೆ.

“ನಾಳೆ ಭಾನುವಾರ. ನಾಡಿದ್ದು.”

ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಬೇರೆ ಮಾತು ಬಂದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಯಂತ್ರ ಬರಲು ಇನ್ನು ಮೂರೇ ಗಂಟೆ ಉಳಿದಿತ್ತು.

ತಮ್ಮ ಚಕ್ರ ಹಾಕಿ ಅಂದ. ಇಳಿಜಾರು ಎಷ್ಟು ದೂರ, ಮೊದಲ ಗೇರಿನಲ್ಲಿ ಮೆಲ್ಲಗೆ ಇಳಿಸಿದರಾಯಿತು, ಉಳಿದ ಮೂರು ಚಕ್ರಕ್ಕೆ ಬ್ರೇಕಿದೆಯಲ್ಲ ಅಂದ. ಮಗಳು ಆಗಲೇ ಸ್ಟೀರಿಂಗಿನ ಹಿಂದೆ ಕೂತಿದ್ದಳು. ನನಗೂ ಸರಿ ಅನ್ನಿಸಿತು. ನಾನೂ ಹಾಕಿ ಅಂದೆ. ನಾಳೆ ಬಟ್ಟಲು ಕೂರಿಸಿ ಚಕ್ರ ಹಾಕಿದ, ಕಾರನ್ನು ಜ್ಯಾಕಿನಿಂದ ನೆಲಕ್ಕಿಳಿಸಿದ. ಆಮೇಲೆ ಬಾನೆಟ್ಟಿನ ಒಳಗೆ ಕೈ ಹಾಕಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯಿಂದ ಹೆಬ್ಬೆರಳಷ್ಟು ಒಂದು ತುಂಡು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡ. ಅದಿಲ್ಲದೆ ಎಂಜಿನ್ ಏಳುವುದಿಲ್ಲ.

ತಮ್ಮ ಅವನ ಕೊರಳಪಟ್ಟಿ ಹಿಡಿದ. ನಾಳೆ ಕೈ ಎತ್ತಲಿಲ್ಲ, ತುಂಡೂ ಕೊಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ಹನ್ನೆರಡು ವರ್ಷದ್ದು ನನ್ನ ಬಾಯಿಗೆ ಬಂತು.

“ಅವತ್ತೂ ಹೀಗೇ ಮಾಡಿದ್ರಿ. ಅವರು ಹೆತ್ತ ತಾಯಿ ಮುಖ ನೋಡ್ಲಿಲ್ಲ.”

“ಹೌದು, ಮಾಡಿದೆ. ಇವತ್ತೂ ಮಾಡ್ತೀನಿ.”

ತಪ್ಪಾಯಿತು ಅನ್ನಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಕೊರಳಪಟ್ಟಿ ತಮ್ಮನ ಕೈಯಲ್ಲಿ ಇರುವಾಗಲೇ ಮಗಳ ಕಡೆ ಕತ್ತು ತಿರುಗಿಸಿ ಹೇಳಿದ, “ಬ್ರೇಕ್ ಒತ್ತಮ್ಮ. ಎದುರಿಗೆ ಮಗು ಬಂತು ಅಂದ್ಕೊಂಡು ಒತ್ತು.”

ಮಗಳು ಒತ್ತಿದಳು. ಗಟ್ಟಿ ಇದೆ ಅಂದಳು. ಮತ್ತೆ ಒತ್ತು ಅಂದ. ಒತ್ತಿದಳು. ಮತ್ತೆ ಅಂದ. ಹಿಂದಿನ ಚಕ್ರದ ಕೆಳಗೆ ಮಣ್ಣಿನಲ್ಲಿ ಒದ್ದೆ ಗುರುತು ಕಾಣಿಸಿತು, ಅಗಲವಾಯಿತು. ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಮಗಳು ನನ್ನ ಕಡೆ ನೋಡಿದಳು.

“ಅಮ್ಮ, ನೆಲಕ್ಕೆ ಹೋಯ್ತು. ಕಾಲಿಗೆ ಏನೂ ಸಿಗ್ತಿಲ್ಲ.”

ಈ ಹಳೇ ಕಾರಿಗೆ ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ. ಎಲ್ಲಕ್ಕೂ ಎಣ್ಣೆ ಒಂದೇ. ಅದು ನನಗೆ ಆಗ ಗೊತ್ತಾಯಿತು. ನಮ್ಮ ಗೇಟಿನಿಂದಲೇ ಇಳಿಜಾರು, ಕೆಳಗೆ ಶಾಲೆ.

ಇಳಿ ಅಂದೆ. ಮಗಳು ಇಳಿದಳು. ತಮ್ಮನಿಗೆ ಕೈ ಬಿಡು ಅಂದೆ. ಅವನು ಬಿಟ್ಟ. ಈ ಮುದುಕನ ಮಾತು ಕೇಳಿಕೊಂಡು ಕೂತಿರು ಎಂದು ಹೇಳಿ, ತನ್ನ ಬ್ಯಾಟರಿಯ ಡಬ್ಬವನ್ನು ಒದ್ದು ಹೊರಟುಹೋದ.

ಮಧ್ಯಾಹ್ನ ಯಂತ್ರ ಬಂತು. ಅದರ ಡ್ರೈವರನ ಹತ್ತಿರ ನಾಳೆಯೇ ಮಾತಾಡಿದ. ಅವನ ಅಂಗಡಿ ಬೀದಿಯ ಮೇಲ್ಗಡೆ ಇದೆ, ಅಲ್ಲಿಗೆ ಏರು. ಕಾರಿನ ಮುಂದಕ್ಕೆ ಸರಪಳಿ ಕಟ್ಟಿದರು. ನಾಳೆ ಒಳಗೆ ಕೂತ. ನನ್ನ ಕೈಗೆ ಮರದ ದಿಮ್ಮಿಯೊಂದನ್ನು ಕೊಟ್ಟು, ಸರಪಳಿ ಕಡಿದರೆ ಹಿಂದಿನ ಚಕ್ರಕ್ಕೆ ಕೊಡಬೇಕು ಅಂದ.

“ಹಿಂದೆ ನಿಲ್ಬೇಡಿ. ಪಕ್ಕದಲ್ಲಿ ನಡೀರಿ.”

ಕಾರು ಗೇಟು ದಾಟಿತು, ಸದ್ದಿಲ್ಲದೆ, ಎಳೆಸಿಕೊಂಡು. ಯಾವುದು ಬೇಡ ಅಂದಿದ್ದೆನೋ ಅದೇ ಆಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ದಿಮ್ಮಿ ಹೊತ್ತು ಚಕ್ರದ ಪಕ್ಕ ನಡೆದೆ. ಅಳು ಬರಲಿಲ್ಲ, ದಿಮ್ಮಿ ಭಾರ ಇತ್ತು.

ಅಂಗಡಿ ಮುಂದೆ ಅವನಿಗೆ ಹೇಳಿದೆ, “ನಾಡಿದ್ದು ಆಗ್ದಿದ್ರೆ ಇಲ್ಲೇ ಬಂದು ಕೂರ್ತೀನಿ.”

“ಕೂತ್ಕೊಳ್ಳಿ. ಸ್ಟೂಲಿದೆ.”

ನಾಡಿದ್ದು ಆಗಲಿಲ್ಲ. ಕೂತೆ. ರಬ್ಬರು ಬಂದದ್ದು ಮಂಗಳವಾರ. ಹಾಕಿ, ಹಳೇ ಬ್ರೇಕ್ ಎಣ್ಣೆ ಪೂರ್ತಿ ಇಳಿಸಿ, ಬಿರುಕು ಬಿಟ್ಟ ಟೈರುಗಳನ್ನೂ ಬದಲಿಸಿ, ಜೇಬಿನ ತುಂಡನ್ನು ಮತ್ತೆ ಕೂರಿಸಿ, ಬುಧವಾರ ಕೀ ಕೊಟ್ಟ. ಕೊಡುವ ಮೊದಲು ಮಗಳ ಕೈಯಲ್ಲಿ ಸಮತಟ್ಟಾದ ಜಾಗದಲ್ಲಿ ಹತ್ತಾರು ಸಲ ಓಡಿಸಿ ಬ್ರೇಕ್ ಹಾಕಿಸಿದ. ನಾನು ಕೃತಜ್ಞತೆ ಹೇಳಲಿಲ್ಲ. ಅತ್ತೆಯ ವಿಷಯ ಮರೆತಿಲ್ಲ, ಮರೆಯುವುದೂ ಇಲ್ಲ. ಅವನೂ ನಮ್ಮವರ ಸುದ್ದಿ ಎತ್ತಲಿಲ್ಲ. ನಾವು ಹೊರಡುವಾಗ ಕಾರಿನ ಕಡೆಗೆ ಒಳ್ಳೇ ಕಿವಿ ಇಟ್ಟುಕೊಂಡು ನಿಂತಿದ್ದ, ನಮ್ಮನ್ನು ನೋಡಲಿಲ್ಲ.

ಇಳಿಜಾರಿನ ಅರ್ಧಕ್ಕೆ ಬಂದಾಗ ನಿಲ್ಲಿಸು ಅಂದೆ. ಯಾಕಮ್ಮ ಅಂದಳು ಮಗಳು. ನಿಲ್ಲಿಸು ಅಂದೆ.

ನಿಂತಿತು.