ಅಕ್ಕನ ಮಾತಿಗೆ ಒತ್ತಿದ ಹೆಬ್ಬೆಟ್ಟು

ನನ್ನ ಬಲಗೈ ಹೆಬ್ಬೆರಳನ್ನು ನೀವೊಮ್ಮೆ ನೋಡಬೇಕು. ಅಬಿಡ್ಸ್ ಪೇಟೆಯ ನನ್ನ ಸಣ್ಣ ಅಂಗಡಿಯಲ್ಲಿ ಅಂಗಿಯ ಗುಂಡಿ, ಲೇಸು ಎಣಿಸಿ ಎಣಿಸಿ ಸವೆದ, ನೋಡಲು ತೀರಾ ಸಾಧುವಾದ ಬೆರಳು. ಸಹಿ ಬಾರದ ನಮ್ಮಪ್ಪ ಕಾಗದ ಕಂಡೊಡನೆ ತನ್ನ ಹೆಬ್ಬೆರಳಿಗೇ ಮಸಿ ಹಚ್ಚಿಕೊಳ್ಳುತ್ತಿದ್ದ. ತಮ್ಮನಾದರೂ ಹೆಬ್ಬೆಟ್ಟು ಆಗಬಾರದೆಂದು ಅಕ್ಕ ಒಲೆಯ ಬೂದಿ ಹರವಿ, ನನ್ನ ಬೆರಳು ಹಿಡಿದು ಹೆಸರು ತಿದ್ದಿಸಿದಳು. ಏಳನೆಯ ಇಯತ್ತೆಗೇ ನಾನೂ ಶಾಲೆಯೂ ಪರಸ್ಪರ ಬೇಸತ್ತು ಬೇರೆಯಾದೆವಾದರೂ, ನನ್ನ ಸಹಿ ಮಾತ್ರ ಇಂದಿಗೂ ದೊಡ್ಡ ಸಾಹೇಬರದರಂತೆ ಬಳ್ಳಿ ಬಳ್ಳಿಯಾಗಿ ಹಬ್ಬುತ್ತದೆ.

ಆ ಅಕ್ಕ ಈಗ ಊರಿನ ಇನ್ನೊಂದು ತುದಿಯ ಲಿಂಗಂಪಲ್ಲಿಯಿಂದ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಅವಳ ಮಾತಿಗೆ ಅವಸರವೆಂಬುದಿಲ್ಲ. ಎಣ್ಣೆಗಾಯಿಯ ಸುದ್ದಿ ಬದನೆಬೀಜ ಊರುವಲ್ಲಿಂದ ಶುರುವಾಗುತ್ತದೆ. ಹೀಗಿರುವಾಗ ಮಾತನ್ನು ಎರಡು ಪಟ್ಟು ಓಡಿಸುವ ಗುಂಡಿಯೊಂದು ನನ್ನ ಹೆಬ್ಬೆರಳಿಗೆ ಸಿಕ್ಕಿತು. ಒತ್ತಿದೊಡನೆ ಅಕ್ಕ ಗಿಳಿಯಾದಳು. ಗಿಳಿ ಉಲಿದದ್ದಕ್ಕೆಲ್ಲ ನಾನು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ. ಗುಂಡಿ ಮಾರುವವನು ಗುಂಡಿಗೆ ಬಿದ್ದದ್ದು ಹೀಗೆ.

ಹೋದ ತಿಂಗಳು ಗಿಳಿ, ‘ನಾಳೆ ಕಣ್ಣಿನ ಪೊರೆ ತೆಗಸಾಕ ಹೋಗಬೇಕು, ಬರ್ತೀನಿ’ ಅಂದಂತೆ ಕೇಳಿಸಿತು. ಹೋಗುವವರು ‘ಬರ್ತೀನಿ’ ಅನ್ನುವುದು ನಮ್ಮಲ್ಲಿ ಪದ್ಧತಿ ತಾನೇ? ಹೆಬ್ಬೆಟ್ಟು ಒತ್ತಿದೆ. ಮರುದಿನ ಸಂಜೆ, ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಒಬ್ಬಳೇ ಆಟೋ ಹಿಡಿದು ಮನೆ ಸೇರಿದ ಅಕ್ಕ ಫೋನು ಮಾಡಿದಳು: ‘ಯಾಕೋ, ನಿನ್ನ ದಾರಿ ನೋಡಕೋತ ಸ್ಟೇಷನ್ನಿನಾಗ ಭಾಳ ಹೊತ್ತು ಕುಂತಿದ್ದೆ. ಅಂಗಡ್ಯಾಗ ಗಿರಾಕಿ ಇದ್ರೇನು?’ ಹಳೆಯ ಮೆಸೇಜನ್ನು ಆಗ ಅದರ ನಡಿಗೆಯಲ್ಲೇ ಕೇಳಿದೆ. ಅಕ್ಕ ಅಂದದ್ದು, ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ, ‘ಬರ್ತೀಯೇನು?’

ಮೊನ್ನೆ ಭಾನುವಾರ ಈ ತೆಲುಗು ಊರಿನ ನಮ್ಮ ಕನ್ನಡದವರು ಒಂದು ಸಂವಾದ ಇಟ್ಟಿದ್ದರು: ಯಂತ್ರಗಳು ಮನುಷ್ಯನ ಸ್ವಭಾವವನ್ನೇ ಬದಲಿಸುತ್ತಿವೆಯೇ? ಪ್ರಾಯಶ್ಚಿತ್ತಕ್ಕೆಂದು ಅಕ್ಕನನ್ನು ಕರೆದೊಯ್ದೆ; ಉಪ್ಪಿಟ್ಟೂ ಇತ್ತೆನ್ನಿ. ಮಾದಾಪುರದ ಇಂಜಿನಿಯರೊಬ್ಬರು, ಬದಲಾಗುವುದು ಯಂತ್ರ, ಮನುಷ್ಯನಲ್ಲ ಎಂದು ನಿಧಾನವಾಗಿ ವಿವರಿಸತೊಡಗಿದರು. ನನ್ನ ತಪ್ಪಿಗೆ ನಾನೇ ಹೊಣೆಯೆಂದಾಯಿತಲ್ಲ ಎಂದು ಕುಗ್ಗಿ ಕೆಳಗೆ ನೋಡಿದರೆ, ಹೆಬ್ಬೆರಳು ನನ್ನನ್ನು ಕೇಳದೆಯೇ ತೊಡೆಯ ಮೇಲೆ ಅವರ ಮಾತನ್ನು ಓಡಿಸುವ ಗುಂಡಿ ಹುಡುಕುತ್ತಿತ್ತು.

ಪೊರೆ ತೆಗೆದ ಹೊಸ ಕಣ್ಣಿಗೆ ಅದು ಬಿದ್ದೇಬಿಟ್ಟಿತು. ಅಕ್ಕ ಎದ್ದು ಮೈಕು ಇಸಿದುಕೊಂಡಳು.

‘ಮಷೀನು ಮಂದೀನ್ನ ಬದಲ್ ಮಾಡೈತೋ ಇಲ್ಲೋ ನನಗ ತಿಳೀದ್ರಿ. ಬೂದ್ಯಾಗ ಬಟ್ಟು ಹಿಡದು ಸಹಿ ಕಲಿಸಿದ್ದೆ. ಈಗ ನೋಡ್ರಿ, ನನ್ನ ತಮ್ಮ ಮತ್ತ ಹೆಬ್ಬೆಟ್ಟು ಆಗ್ಯಾನ!’

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಎರಡು ಪಟ್ಟು ವೇಗದಲ್ಲಿ.

ಹೊರಗೆ ರಸ್ತೆ ದಾಟುವಾಗ ಬಸ್ಸು ಆಟೋಗಳಿಗೆ ಹೆದರಿ ಅವಳು ಕೈಗೆ ಸಿಕ್ಕ ನನ್ನ ಹೆಬ್ಬೆರಳನ್ನೇ ಮುಷ್ಟಿಯಲ್ಲಿ ಬಿಗಿಹಿಡಿದಳು. ‘ಇನ್ನೊಂದು ಕಣ್ಣಿಂದೂ ಐತಿ,’ ಅಂದಳು. ಒಂದು ಸಿಟಿ ಬಸ್ಸು ಇಡಿಯಾಗಿ ಹಾದುಹೋಯಿತು. ‘ಬರ್ತೀಯೇನು?’

ಉತ್ತರ ಕೊಡುವ ಬೆರಳು ಅವಳ ವಶದಲ್ಲಿತ್ತು. ಬಾಯಿಯನ್ನೇ ತೆರೆಯಬೇಕಾಯಿತು.

‘ಬರ್ತೀನಕ್ಕ,’ ಅಂದೆ, ಗಿಳಿಯ ವೇಗದಲ್ಲೇ.

‘ಸಾವಕಾಶ ಹೇಳು,’ ಅಂದಳು.