ರಾಜಿ ವಕೀಲ

ನಮ್ಮ ಮನೆತನದಲ್ಲಿ ಕರಿಕೋಟು ತೊಟ್ಟ ಮೊದಲಿಗ ನಮ್ಮಣ್ಣ. ವಕೀಲನೆಂದರೆ ಎದ್ದು ನಿಂತು ಗುಡುಗುವವನು ಎಂದು ನಾವೆಲ್ಲ ತಿಳಿದಿದ್ದೆವು. ಅವನೂ ಹಾಗೆಯೇ ತಿಳಿದು ಕಾನೂನು ಓದಿದ. ಆದರೆ ಅವನ ಪಾಲಿಗೆ ಬಂದದ್ದು ವ್ಯಾಪಾರಸ್ಥರ ವ್ಯಾಜ್ಯ. ಪಾಲುದಾರರು ಹುಲಿಗಳಂತೆ ಬರುತ್ತಾರೆ, ಕತ್ತು ಸೀಳುವ ಮಾತಾಡುತ್ತಾರೆ. ಅಣ್ಣ ಹಳೆಯ ತೀರ್ಪುಗಳನ್ನೆಲ್ಲ ತಡಕಿ ವಾದ ಕಟ್ಟುತ್ತಾನೆ. ಇನ್ನೇನು ಎದ್ದು ನಿಲ್ಲಬೇಕು, ಅಷ್ಟರಲ್ಲಿ ಅವರು ರಾಜಿಯಾಗಿ ಕೈಕುಲುಕಿ ಹೊರಡುತ್ತಾರೆ. ಕೂದಲು ನರೆತರೂ ಅವನು ಒಂದು ಮೊಕದ್ದಮೆಯನ್ನೂ ಕೊನೆಯವರೆಗೆ ವಾದಿಸಿರಲಿಲ್ಲ. ಜೊತೆಯ ವಕೀಲರು ಅವನನ್ನು ‘ರಾಜಿ ವಕೀಲ’ ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಬೀಗದಂಗಡಿಯ ಷಡ್ಡಕರ ಮೊಕದ್ದಮೆ ಬಂತು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಜಗಳವಾಡಿ ಅಂಗಡಿಯ ನಡುವೆ ಗೋಡೆ ಎಬ್ಬಿಸಿದ್ದರು. ಆದರೆ ಮೇಲಿನ ಬೋರ್ಡು ಒಂದೇ. ಆ ಹೆಸರು ಯಾರದ್ದು ಎಂಬುದೇ ಪ್ರಶ್ನೆ. ಇಬ್ಬರೂ ಬಗ್ಗುವ ಜನರಲ್ಲ.

“ಈ ಸಲ ತೀರ್ಪು ಆಗೇ ಆಗುತ್ತೆ. ನೀನೂ ಬಂದು ಕೇಳಮ್ಮ,” ಎಂದ ಅಣ್ಣ.

ಅಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಳು. ಕೋರ್ಟಿನ ಒಳಗೆ ಸೆಕೆ ಎಂದು ಅವಳೂ ಜೊತೆಗೆ ಹೋಗಿದ್ದ ನಾನೂ ಹೊರಗಿನ ಬೆಂಚಿನಲ್ಲಿ ಕೂತೆವು. ಬೆಂಚಿನ ಎರಡು ತುದಿಗಳಲ್ಲಿ ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡು ಕೂತಿದ್ದರು. ಅಮ್ಮನ ಬಾಯಿ ಸುಮ್ಮನಿರುವುದಲ್ಲ.

“ನಿಮ್ಮದೂ ಕೋರ್ಟಿನ ಗೋಳೇನ್ರಮ್ಮಾ? ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಒಡಹುಟ್ಟಿದವರು ಇದ್ದಾರೋ ಇಲ್ವೋ? ಅವರ ಹತ್ರ ಒಂದು ಮಾತಾಡಿ ನೋಡಬಾರದಾ?”

ಒಬ್ಬಳ ಕಣ್ಣು ತುಂಬಿತು. ಇನ್ನೊಬ್ಬಳು, “ಅಕ್ಕಾ, ಮೊದಲು ಮಾತು ಬಿಟ್ಟಿದ್ದು ನೀನೇ,” ಎಂದಳು.

ಇವರು ಆ ಷಡ್ಡಕರ ಹೆಂಡತಿಯರೇ ಎಂದು ನನಗೆ ಹೊಳೆಯಿತು. ಅಮ್ಮನಿಗೆ ಇನ್ನೂ ಹೊಳೆದಿರಲಿಲ್ಲ. ಅವರಿಬ್ಬರ ನಡುವೆ ಸರಿದು ಕೂತು ಸಮಾಧಾನ ಹೇಳುತ್ತಲೇ ಇದ್ದಳು.

ಮೊಕದ್ದಮೆ ಕೂಗಿದರು. ಅಣ್ಣ ಗಂಟಲು ಸರಿಪಡಿಸಿಕೊಂಡು ಎದ್ದ. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕತಂಗಿಯರು ಕೈಹಿಡಿದುಕೊಂಡು ಒಳಗೆ ನುಗ್ಗಿ, ಗಂಡಂದಿರ ಕಿವಿಯಲ್ಲಿ ಏನೋ ಹೇಳಿದರು. ಅಣ್ಣನ ಕಕ್ಷಿದಾರ ಅವನ ಕೋಟಿನ ತೋಳು ಜಗ್ಗಿದ.

“ಸ್ವಲ್ಪ ಕೂತ್ಕೊಳ್ಳಿ ಸಾರ್. ಮನೆಯವಳು ಬೇಡ ಅಂತಿದ್ದಾಳೆ.”

“ನಾನಿನ್ನೂ ಬಾಯೇ ತೆರೆದಿಲ್ಲವಲ್ರೀ!”

“ಅದೇ ಒಳ್ಳೇದಾಯ್ತಲ್ಲ ಸಾರ್.”

ನ್ಯಾಯಾಧೀಶರು ನಕ್ಕು, “ಒಳ್ಳೆ ಕೆಲಸ ಮಾಡಿದ್ರಿ ವಕೀಲರೇ,” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೆಟ್ಟಿಲ ಬಳಿ ಅಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. “ಅವರೇ ಇವರು ಅಂತ ನನಗೇನಪ್ಪ ಗೊತ್ತು?”

ಅಣ್ಣ ಕೋಟು ಕಳಚಿ ಮುದ್ದೆ ಮಾಡಿ ಚೀಲಕ್ಕೆ ತುರುಕಿದ. “ಗೆದ್ದವ ಸೋತ, ಸೋತವ ಸತ್ತ. ಸರಿ. ರಾಜಿಯಾದವ?”

“ಬದುಕಿದ ಕಣೋ.”

“ಅವನ ವಕೀಲ?”

ಪುಸ್ತಕದ ಚೀಲಕ್ಕೆ ನಾನು ಕೈ ಚಾಚಿದರೆ ಅಣ್ಣ ಕೊಡಲಿಲ್ಲ. ತಾನೇ ಹೊತ್ತು ಮುಂದೆ ನಡೆದ.