ಕೆಳಗಿಟ್ಟ ಎಳ್ಳಿನ ತಟ್ಟೆ

ಚಿನ್ಮಯಿಯ ಕನಸಿನಲ್ಲಿ ಬರೀ ಬಾಗಿಲುಗಳು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್‌ನ ಹಸಿರು ಬಾಗಿಲುಗಳು, ಒಂದರ ಪಕ್ಕ ಒಂದು, ಸಮುದ್ರದವರೆಗೂ. ಅವಳ ಕೈಯಲ್ಲಿ ಎಳ್ಳು ಬೆಲ್ಲದ ತಟ್ಟೆ. ತಟ್ಟಿದ ಬಾಗಿಲ ಹಿಂದಿನಿಂದ ಯಾರೋ "ಯಾರು?" ಎನ್ನುತ್ತಾರೆ. ಹೇಳಲು ಬಾಯಿ ತೆರೆದರೆ ಹೆಸರೇ ಹೊರಡುವುದಿಲ್ಲ. ಹದಿನಾರು ತುಂಬಿದ ಹುಡುಗಿಗೆ ತನ್ನ ಹೆಸರೇ ಮರೆತುಹೋದರೆ ಏನು ಗತಿ, ನೀವೇ ಹೇಳಿ.

ಆ ತಟ್ಟೆ ಅವಳಪ್ಪ ಚಂದ್ರಕಾಂತನ ಸಡಗರ. ಮಂಡ್ಯದ ಕಡೆಯವನು, ಕಾರ್ಖಾನೆಗೆ ಇಂಜಿನಿಯರಾಗಿ ಬಂದು ವಿಜಯವಾಡದ ರಾಜ್ಯಲಕ್ಷ್ಮಿಯನ್ನು ಮದುವೆಯಾದವನು. ಮನೆಯ ಮಾತೆಲ್ಲ ತೆಲುಗು, ಅಡುಗೆ ತೆಲುಗು, ಜಗಳವೂ ತೆಲುಗು. ಮಗಳ ಜೊತೆ ಆಡುವ ಕನ್ನಡ ಮತ್ತು ಸಂಕ್ರಾಂತಿ ಮಾತ್ರ ಅವನದು. ಹಬ್ಬ ಇನ್ನೂ ದೂರವಿರುವಾಗಲೇ ನೆಲಕ್ಕೆ ಕೂತು ಕೊಬ್ಬರಿ ಹೆಚ್ಚುವನು, ಬೆಲ್ಲವನ್ನು ಸಣ್ಣಗೆ ಕತ್ತರಿಸಿ ತಾರಸಿಯ ಮೇಲೆ ಪಂಚೆ ಹರಡಿ ಒಣಗಿಸುವನು.

"ಮನೆ ಕೆಲಸ ಹೇಳಿದ್ರೆ ಬೆನ್ನು ನೋವು, ಇದಕ್ಕೆ ಮಾತ್ರ ನೋವಿಲ್ಲ ನೋಡು ನಿಮ್ಮಪ್ಪಂಗೆ" ಎಂದು ರಾಜ್ಯಲಕ್ಷ್ಮಿ ಮಗಳ ಮುಂದೆ ಛೇಡಿಸುವಳು. ಅವನು ನಗುವನು, ಅಷ್ಟೇ.

ಆದರೆ ಮನೆಮನೆಗೆ ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸ. ಇದ್ದವಳು ಒಬ್ಬಳೇ ಮಗಳು. ಅವಳು ಹೋಗಲಿಲ್ಲವೆಂದರೆ ಎಳ್ಳು ಡಬ್ಬದಲ್ಲೇ ಉಳಿಯಿತು ಅಂತಲೇ ಲೆಕ್ಕ. ಚಿಕ್ಕವಳಿದ್ದಾಗ ರೇಷ್ಮೆ ಲಂಗ ಎತ್ತಿ ಹಿಡಿದುಕೊಂಡು ಟೌನ್‌ಶಿಪ್‌ನ ನಾಲ್ಕಾರು ಕನ್ನಡದ ಮನೆಗಳನ್ನೂ ಸುತ್ತಿ ಬರುತ್ತಿದ್ದಳು. ಅಲ್ಲಿ ಯಾರೂ ಯಾರೆಂದು ಕೇಳುತ್ತಿರಲಿಲ್ಲ, ಒಳಗೆ ಬಾ ಎನ್ನುತ್ತಿದ್ದರು.

ಹದಿಮೂರರಲ್ಲಿ ಅವಳಿಗೆ ಒಂದು ಆಸೆ ಹುಟ್ಟಿತು. ಎದುರು ಮನೆಗೆ ಹೊಸದಾಗಿ ಬಂದ ಸಾಯಿಪ್ರಿಯಾ ಅದೇ ತರಗತಿಯವಳು, ಅವಳ ಗೆಳೆತನ ಬೇಕು. ಆ ಸಂಕ್ರಾಂತಿಗೆ ಯಾರಿಗೂ ಹೇಳದೆ ಅವರ ಮನೆಗೂ ಒಂದು ತಟ್ಟೆ ಒಯ್ದಳು. ಬಾಗಿಲು ತೆರೆದವಳು ಸಾಯಿಪ್ರಿಯಾಳ ಅಜ್ಜಿ ದುರ್ಗಾಂಬ. ತಟ್ಟೆಯೊಳಗೆ ನೋಡಿದ್ದೇ ತಡ, ಎರಡೂ ಕೈಗಳನ್ನು ಸೆರಗಿನ ಹಿಂದೆ ಅಡಗಿಸಿಕೊಂಡಳು.

"ಕೈಗೆ ಕೊಡಬೇಡ ತಲ್ಲೀ. ಕೆಳಗಿಡು" ಎಂದಳು.

ಚಿನ್ಮಯಿ ಹೊಸ್ತಿಲಾಚೆ ತಟ್ಟೆ ಇಟ್ಟು, ತಿರುಗಿಯೂ ನೋಡದೆ ಓಡಿಬಂದಳು. ಹಬ್ಬದ ರಜೆ ಮುಗಿದ ಮೇಲೆ ಸಾಯಿಪ್ರಿಯಾ ತರಗತಿಯಲ್ಲಿ ಎಲ್ಲರೆದುರು, "ಇವಳು ನಮ್ಮ ಮನೆಗೆ ಶನಿ ತಂದುಕೊಟ್ಟಳು" ಎಂದು ನಕ್ಕಳು. ಅದು ಹುಡುಗಾಟ, ನಿಜ. ಆದರೆ ಆ ವಯಸ್ಸಿನಲ್ಲಿ ಹುಡುಗಾಟವೇ ಕರುಳಿಗೆ ಚುಚ್ಚುವುದು. ಚಿನ್ಮಯಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮುಂದಿನ ಸಂಕ್ರಾಂತಿಗೆ ಮಾತ್ರ, "ನಾನು ಹೋಗಲ್ಲ ಅಪ್ಪ. ಇದೆಲ್ಲ ನಿಮ್ಮೂರಿಂದು. ನಾನು ಇಲ್ಲಿಯವಳು" ಎಂದಳು.

ಚಂದ್ರಕಾಂತ ಬೆಲ್ಲ ಹೆಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. "ಬೇಡ ಅಂದ್ರೆ ಬೇಡ ಬಿಡವ್ವ" ಎಂದ. ಅವನಿಗೆ ನೋವಾಯಿತೆಂದು ಅವಳಿಗೆ ತಿಳಿಯಿತು, ತನಗೂ ಆಯಿತು.

ಇಂಟರ್, ಅಂದರೆ ನಮ್ಮ ಪಿಯುಸಿ, ಓದಲು ವಿಜಯವಾಡದ ಹಾಸ್ಟೆಲ್ ಸೇರಿದಾಗ, ಇನ್ನು ತಾನು ಅಪ್ಪಟ ತೆಲುಗು ಹುಡುಗಿ ಎಂದು ನಿರಾಳವಾದಳು. ಎಲ್ಲಿಯ ನಿರಾಳ. ಬಾಯಿ ತೆರೆದರೆ ಸಾಕು, ವಿಶಾಖಪಟ್ಟಣದ ರಾಗವೆಂದು ಕೃಷ್ಣಾತೀರದ ಹುಡುಗಿಯರು ಅಣಕಿಸಿದರು. ಅವಳು ರಾಗ ತಿದ್ದಿಕೊಂಡಳು. ಒಬ್ಬಳ ಹಾಗೆ ಜಡೆ ಹಾಕಿದಳು, ಇನ್ನೊಬ್ಬಳ ಹಾಗೆ ನಕ್ಕಳು. ಸಂಜೆ ತಾರಸಿಯಿಂದ ನದಿಯ ಕಡೆ ನೋಡುತ್ತ ನಿಂತರೆ ನೀರು ಹರಿಯುತ್ತಿದೆಯೋ ತಾನೇ ತೇಲಿ ಹೋಗುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲ. ಬಾಗಿಲುಗಳ ಕನಸು ಶುರುವಾಗಿದ್ದು ಆಗಲೇ.

ಒಂದು ಭಾನುವಾರ ಮಧ್ಯಾಹ್ನ, ಊಟ ಮಾಡಿ ಮಲಗಿದ್ದವಳನ್ನು ರೂಮಿನ ಗೆಳತಿ ಸಾಹಿತ್ಯ ಅಲುಗಾಡಿಸಿ ಎಬ್ಬಿಸಿದಳು.

"ನಿದ್ದೇಲಿ 'ತಗೊಳ್ಳಿ, ತಗೊಳ್ಳಿ' ಅಂತಿದ್ದೆ. ಅದು ಯಾವ ಭಾಷೆ?"

ಫ್ಯಾನು ತಿರುಗುತ್ತಿತ್ತು, ಕನಸಿನ ಸಮುದ್ರ ಇನ್ನೂ ಕಿವಿಯಲ್ಲಿತ್ತು. ಸುಳ್ಳು ಹೇಳೋಣವೆಂದುಕೊಂಡಳು. "ನಮ್ಮಪ್ಪನ ಭಾಷೆ" ಎಂದಳು. ಎದ್ದು ಕೂತು, "ನಂದೂ" ಎಂದಳು. ಸಾಹಿತ್ಯ, "ಚೆನ್ನಾಗಿದೆ" ಎಂದು ಮಗ್ಗಲು ಬದಲಿಸಿ ಮಲಗಿದಳು. ಇಷ್ಟಕ್ಕೆ ಇಷ್ಟು ದಿನ ಹೆದರಿದ್ದೆನೇ ಎಂದು ಚಿನ್ಮಯಿಗೆ ನಗು ಬಂತು.

ಆ ವರ್ಷ ಸಂಕ್ರಾಂತಿ ರಜೆಗೆ ರೈಲಿಳಿದು ಮನೆಗೆ ಬಂದವಳು ನೇರ ತಾರಸಿ ಹತ್ತಿದಳು. ಪಂಚೆಯ ಮೇಲೆ ಬೆಲ್ಲದ ಚೂರುಗಳು ಬಿಸಿಲು ಕಾಯುತ್ತಿದ್ದವು.

"ಬೀರೋರಿಲ್ಲ ಅಂತ ಗೊತ್ತಿದ್ರೂ ಯಾಕಪ್ಪ ಮಾಡ್ತೀರಿ?"

"ಕೈ ಸುಮ್ಕಿರಲ್ಲ ಕಣವ್ವ" ಎಂದ ಚಂದ್ರಕಾಂತ. ಕೂದಲು ಬೆಳ್ಳಗಾಗಿತ್ತು. ಅವಳು ಪಕ್ಕದಲ್ಲಿ ಕೂತು ಬೆಲ್ಲದ ಚೂರುಗಳನ್ನು ಒಂದೊಂದಾಗಿ ತಿರುವಿ ಹಾಕಿದಳು.

ಹಬ್ಬದ ದಿನ ಅವಳು ತಟ್ಟೆ ಹಿಡಿದು ಮೊದಲು ಹೋಗಿದ್ದು ಎದುರು ಮನೆಗೇ. ಬೇಡವೆನ್ನಿಸಿಕೊಂಡರೆ ಅಲ್ಲೇ ಬೇಡವೆನ್ನಿಸಿಕೊಳ್ಳಬೇಕೆಂಬ ಹಠ. ಬಾಗಿಲು ತಟ್ಟಿದಳು.

"ಯಾರು?" ಒಳಗಿನಿಂದ ದುರ್ಗಾಂಬಳ ದನಿ. ಈಗೀಗ ಅವಳಿಗೆ ಕಣ್ಣು ಮಂಜು.

"ಚಿನ್ಮಯಿ, ಮಾಮ್ಮಾ. ಎದುರು ಮನೆ ಚಂದ್ರಕಾಂತ ಅವರ ಮಗಳು. ಎಳ್ಳು ತಂದಿದ್ದೀನಿ. ಕೆಳಗಿಡ್ತೀನಿ."

ಬಾಗಿಲು ತೆರೆಯಿತು. ಇಟ್ಟಳು. ದುರ್ಗಾಂಬ ಗೋಡೆ ಹಿಡಿದು ಬಗ್ಗಿ ತಟ್ಟೆಯನ್ನು ಎತ್ತಿಕೊಂಡಳು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಇಷ್ಟು ವರ್ಷ ಎಲ್ಲಿ ಹೋಗಿದ್ದೆ ತಲ್ಲೀ? ಹಬ್ಬ ಬಂದಾಗೆಲ್ಲ ಕಾದೆ."

"ಅವತ್ತು ನೀವು ಕೈಗೆ ತಗೊಳ್ಳಲಿಲ್ಲ" ಎಂದಳು ಚಿನ್ಮಯಿ. ಹದಿಮೂರರ ಹುಡುಗಿಯೇ ಒಳಗಿನಿಂದ ಮಾತಾಡಿದಳು.

"ಎಳ್ಳು ಕೈಯಿಂದ ಕೈಗೆ ಹೋದರೆ ಶನಿಯೂ ಜೊತೆಗೇ ಹೋಗುತ್ತೆ, ಇಬ್ಬರಿಗೂ ಆಗಿಬರಲ್ಲ ಅಂತಾರೆ ನಮ್ಮಲ್ಲಿ. ಬೇಡದೇ ಇದ್ದಿದ್ದರೆ ಬೇಡ ಅಂತಲೇ ಕಳಿಸ್ತಿದ್ದೆ. ಬೇಕಿತ್ತು, ಅದಕ್ಕೇ ಕೆಳಗಿಡು ಅಂದೆ."

ದುರ್ಗಾಂಬ ಒಳಗೆ ಹೋಗಿ, ಅದೇ ತಟ್ಟೆಯ ತುಂಬ ಬೆಲ್ಲದ ಅರಿಸೆಲು, ನಮ್ಮ ಕಜ್ಜಾಯದಂಥವು, ಜೋಡಿಸಿಕೊಂಡು ಬಂದಳು. ಒಂದೊಂದರ ಮೈಮೇಲೂ ಎಳ್ಳು ಮೆತ್ತಿತ್ತು. ಚಿನ್ಮಯಿ ಅಭ್ಯಾಸಬಲದಿಂದ ಕೈ ಚಾಚಿದಳು. ಮರುಗಳಿಗೆ ನೆನಪಾಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ದುರ್ಗಾಂಬ ನಕ್ಕು ತಟ್ಟೆಯನ್ನು ಹೊಸ್ತಿಲಾಚೆ ಕೆಳಗಿಟ್ಟಳು.

ಚಿನ್ಮಯಿ ಬಗ್ಗಿ ಎತ್ತಿಕೊಂಡಳು. ಎದುರು ಗೇಟಿನಲ್ಲಿ ಅಪ್ಪ ಮುಂದಿನ ಮನೆಯ ತಟ್ಟೆ ಹಿಡಿದು ನಿಂತಿದ್ದ.